ಗೋಡೆಯಾಚೆಯ ಬಸ್ ಸ್ಟಾಪ್

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಬಸ್ ಸ್ಟಾಪಿನಲ್ಲಿ ಯಾರು ಯಾವ ಬಣ್ಣದ ಟಿಫಿನ್ ಬ್ಯಾಗ್ ಹಿಡಿದಿದ್ದಾರೆ ಎಂಬುದೂ ಕಾಣುತ್ತದೆ. ಕಂಡಕ್ಟರ್ ಆಕಳಿಸುವುದೂ ಕಾಣುತ್ತದೆ. ಆ ಬಸ್ಸು ಮಾತ್ರ ಮೊನ್ನೆಮೊನ್ನೆಯವರೆಗೂ ನಮಗೆ ಸಿಗುತ್ತಿರಲಿಲ್ಲ.

ಏಕೆಂದರೆ ನಡುವೆ ಒಂದು ಗೋಡೆ. ಗೋಡೆಯಲ್ಲಿ ಒಂದು ಚಿಕ್ಕ ಗೇಟು. ಗೇಟಿಗೆ ಒಂದು ದೊಡ್ಡ ಬೀಗ. ನವಿ ಮುಂಬಯಿಯ ಖಾರಘರದ ನಮ್ಮ ಹೌಸಿಂಗ್ ಸೊಸೈಟಿಯವರು ಸೆಕ್ಯುರಿಟಿಗೆಂದು ಹಾಕಿಸಿದ್ದು. (ಕಳ್ಳರು ಬಸ್ಸಿನಲ್ಲೇ ಬರುತ್ತಾರೆಂದು ಯಾರು ಹೇಳಿದರೋ!) ಹೀಗಾಗಿ ಸ್ಟಾಪಿಗೆ ಹೋಗಬೇಕೆಂದರೆ ಮುಂದಿನ ಗೇಟಿನಿಂದ ಹೊರಬಿದ್ದು, ಅಕ್ಕಪಕ್ಕದ ಸೊಸೈಟಿಗಳನ್ನೆಲ್ಲ ಬಳಸಿ, ಅಗೆದು ಬಿಟ್ಟ ಫುಟ್‌ಪಾತ್ ದಾಟಿ, ಕೊನೆಗೆ ನಮ್ಮದೇ ಮನೆಯ ಬೆನ್ನಿಗೆ ಬಂದು ನಿಲ್ಲಬೇಕಿತ್ತು.

ನನಗೇನೋ ಅಭ್ಯಾಸವಾಗಿತ್ತು. ಅತ್ತೆಗೆ ಆಗಲಿಲ್ಲ.

ಅತ್ತೆ ಉಡುಪಿ ಕಡೆಯವರು. ಪ್ರತಿ ಗುರುವಾರ ಒಬ್ಬರೇ ಬಸ್ಸು ಹತ್ತಿ ನೆರೂಳಿನ ಗೆಳತಿಯ ಮನೆಗೆ ಇಸ್ಪೀಟಾಡಲು ಹೋಗುತ್ತಿದ್ದರು. (ಹೌದು, ಇಸ್ಪೀಟು. ಭಜನೆ ಎಂದುಕೊಂಡಿರಾ?) ಪಣವಿಲ್ಲ, ಬೈಗುಳ ಮಾತ್ರ. ನಾಲ್ವರು ಬೇಕಾದ ಆಟ. ಮೊಣಕಾಲಿನ ಆಪರೇಷನ್ ಆದ ಮೇಲೆ ಅಷ್ಟು ದೊಡ್ಡ ಸುತ್ತು ಅತ್ತೆಯಿಂದ ಆಗಲಿಲ್ಲ. ಅಲ್ಲಿ ಮೂವರೇ ಉಳಿದರು, ಆಟ ನಿಂತಿತು.

"ಅಮ್ಮಾ, ಕಾರಲ್ಲಿ ಬಿಟ್ಟು ಬರ್ತೇನೆ," ಎಂದರು ನಮ್ಮವರು.

"ಇಸ್ಪೀಟಿಗೆ ಮಗ ಬಿಟ್ಟು ಬರುವುದಾ? ನಾನೆಂತ ಬಾಲವಾಡಿಗೆ ಹೋಗುವುದಾ ಮಾರಾಯ? ಬೇಡ. ಆ ಆಟವೂ ನನಗೆ ಸಾಕಾಗಿದೆ."

ಸಾಕಾಗಿರಲಿಲ್ಲ. ಗುರುವಾರ ಬಂದರೆ ಇಸ್ತ್ರಿ ಮಾಡಿದ ಸೀರೆಯನ್ನೇ ಉಟ್ಟು, ಬಟಾಣಿ ಸುಲಿಯುವ ನೆಪದಲ್ಲಿ ಕಿಟಕಿಯ ಬಳಿ ಕೂರುತ್ತಿದ್ದರು. ಬಸ್ಸು ಹೊರಟಾಗ ಅವರ ಬೆರಳುಗಳು ನಿಂತುಬಿಡುತ್ತಿದ್ದವು. ನಾನು ನೋಡಿಯೂ ನೋಡದವಳಂತೆ ಒಗ್ಗರಣೆ ಹಾಕುತ್ತಿದ್ದೆ.

ಹೋದ ತಿಂಗಳು ಸೊಸೈಟಿ ಮೀಟಿಂಗ್. ಗೇಟಿನ ವಿಷಯ ಎತ್ತಲೇಬೇಕೆಂದು ಹೊರಟೆ. ಅತ್ತೆಯೂ ಬಂದರು. ನಾನು ಕಾನ್ವೆಂಟಿನಲ್ಲಿ ಓದಿದವಳು. ಕೈ ಎತ್ತಿ, ಕರೆದ ಮೇಲೆ ಎದ್ದು ನಿಂತು ಮಾತಾಡುವ ಶಿಸ್ತು. ಆದರೆ ಸೊಸೈಟಿ ಮೀಟಿಂಗಿನಲ್ಲಿ ಎತ್ತಿದ ಕೈ ಯಾರಿಗೆ ಕಾಣುತ್ತದೆ? ಪಾರ್ಕಿಂಗ್ ಆಯಿತು, ಲೀಕೇಜ್ ಆಯಿತು, ಯಾರದೋ ನಾಯಿಯ ವಿಚಾರಣೆಯೂ ಆಯಿತು. ನನ್ನ ಭುಜ ನೋಯತೊಡಗಿತು.

ಅತ್ತೆ ಕೋಲನ್ನು ನೆಲಕ್ಕೆ ಕುಟ್ಟಿದರು. "ಸೆಕ್ರೆಟರಿ ಸಾಬ್, ಪೀಛೇ ಕಾ ಗೇಟ್ ಖೋಲೋ!" ಹಿಂದಿನ ಗೇಟು ತೆರೆಯಿರಿ ಎಂದು ನೇರ ಅಪ್ಪಣೆ.

ಸೆಕ್ರೆಟರಿ ಮರಾಠಿಯವರು, ಸಜ್ಜನರೇ. "ಆಜಿ, ಸ್ಟಾಪ್ ತೋ ಬಾಜೂ ಮೇ ಹೈ!" ಸ್ಟಾಪು ಪಕ್ಕದಲ್ಲೇ ಇದೆಯಲ್ಲ ಅಜ್ಜಿ, ಎಂದು ನಕ್ಕರು.

"ಬಾಜೂ ಮೇ? ತೋ ಚಲೋ, ಮೇರೇ ಸಾಥ್ ಚಲೋ. ಚಾಯ್ ಮೇರಿ ತರಫ್ ಸೇ. ಲೇಕಿನ್ ಮೇರೇ ಆಗೇ ಕೋಯೀ ನಹೀಂ ಜಾಯೇಗಾ!"

ಪಕ್ಕದಲ್ಲೇ ಆದರೆ ತನ್ನ ಜೊತೆ ನಡೆದೇ ನೋಡಬೇಕು, ಚಹಾ ತನ್ನ ಲೆಕ್ಕ, ಆದರೆ ತನಗಿಂತ ಮುಂದೆ ಯಾರೂ ನಡೆಯಕೂಡದು! ಪುಕ್ಕಟೆ ಚಹಾವನ್ನು ಯಾವ ಕಮಿಟಿ ತಾನೇ ಬೇಡವೆನ್ನುತ್ತದೆ?

ಮೆರವಣಿಗೆ ಹೊರಟಿತು. ಮುಂದೆ ಕೋಲೂರುತ್ತಾ ಅತ್ತೆ, ಹಿಂದೆ ಇಡೀ ಕಮಿಟಿ. ಮೊದಲ ತಿರುವಿನವರೆಗೂ ಜೋಕುಗಳು. ಅಲ್ಲಿಂದ ಮುಂದೆ ಟ್ರೆಝರರ್ ವಾಚು ನೋಡಿಕೊಂಡರು. "ಆಜಿ, ಥೋಡಾ ಜಲ್ದಿ..."

"ಎಂತ ಜಲ್ದಿ? ಘುಟನಾ ನಯಾ ಹೈ, ಇಂಜಿನ್ ನಹೀಂ!" ಹೊಸದು ಮೊಣಕಾಲು ಮಾತ್ರ, ಇಂಜಿನ್ ಅಲ್ಲವಂತೆ.

ಫುಟ್‌ಪಾತ್ ಅಗೆದಲ್ಲಿ ಅತ್ತೆ ರಸ್ತೆಗೆ ಇಳಿಯಲೇಬೇಕಾಯಿತು. ಟೆಂಪೋ ಒಂದು ಹಾರ್ನ್ ಬಾರಿಸುತ್ತಾ ಅವರ ಸೆರಗನ್ನು ಸವರಿಕೊಂಡೇ ಹೋಯಿತು. ಕೊನೆಯ ತಿರುವಿಗೆ ಬರುವಷ್ಟರಲ್ಲಿ ಬಸ್ಸು ನಮ್ಮ ಕಣ್ಣೆದುರೇ ಹೊರಟುಹೋಯಿತು.

ಸ್ಟಾಪಿನಲ್ಲಿ ಸೆಕ್ರೆಟರಿ ಬೆವರು ಒರೆಸಿಕೊಳ್ಳುತ್ತಾ ತಲೆಯೆತ್ತಿದರು. "ಅರೇ ಆಜಿ, ಯೇ ತೋ ಆಪ್ ಕಾ ಕಿಚನ್ ಹೈ!"

"ಹಾಂ," ಎಂದರು ಅತ್ತೆ, ಬೆಂಚಿನ ಮೇಲೆ ಕೂರುತ್ತಾ. "ವಹೀಂ ಸೇ ತೋ ನಿಕಲೇ ಥೇ." ಅಲ್ಲಿಂದಲೇ ತಾನೇ ನಾವು ಹೊರಟದ್ದು!

ಕಳ್ಳರ ಮಾತು ಮತ್ತೆ ಬರಲಿಲ್ಲ. ಈಗ ಬೆಳಿಗ್ಗೆಯಿಂದ ಸಂಜೆಯವರೆಗೆ ಗೇಟು ತೆರೆದಿರುತ್ತದೆ, ಪಕ್ಕದಲ್ಲಿ ವಾಚ್‌ಮನ್‌ನ ಕುರ್ಚಿ. ಬಿ ವಿಂಗಿನ ಬಸುರಿ ಹುಡುಗಿ ಆಫೀಸಿಗೆ ಅಲ್ಲಿಂದಲೇ ಹೋಗುತ್ತಾಳೆ. 'ಥ್ಯಾಂಕ್ಯೂ ಆಜಿ' ಎನ್ನುತ್ತಾಳೆ. ಅತ್ತೆ ಮಹಾರಾಣಿಯಂತೆ ತಲೆಯಾಡಿಸುತ್ತಾರೆ.

ಮೊದಲ ಗುರುವಾರ ಅತ್ತೆ ಹೊರಟಾಗ ನಾನೂ ಚಪ್ಪಲಿ ಮೆಟ್ಟಿದೆ.

"ನೀನೆಲ್ಲಿಗೆ ಹೊರಟದ್ದು?"

"ಸ್ಟಾಪಿನವರೆಗೆ ಬರ್ತೇನೆ ಅತ್ತೆ."

"ಎಂತಕ್ಕೆ? ನಿನಗೆ ಬೇರೆ ಕೆಲಸ ಇಲ್ವಾ ಮಾರಾಯ್ತಿ?"

ಕಿಟಕಿಯಿಂದಲೇ ನೋಡಿದೆ. ಅತ್ತೆ ಕೋಲನ್ನು ಕಂಡಕ್ಟರನ ಕೈಗೆ ಕೊಟ್ಟು, ಅವನು ಚಾಚಿದ ಇನ್ನೊಂದು ಕೈಯನ್ನು ಬಿಟ್ಟು, ಕಂಬಿ ಹಿಡಿದು ತಾವೇ ಹತ್ತಿದರು. ಒಮ್ಮೆಯೂ ತಿರುಗಿ ನೋಡಲಿಲ್ಲ. ಪಕ್ಕದ ಮನೆಯವರು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಅವರು ಕೇಳದಿದ್ದರೂ ಕೂಗಿ ಹೇಳಿದೆ, "ನೋಡಿದ್ರಾ? ನಮ್ಮ ಅತ್ತೆ!" (ಕಾನ್ವೆಂಟಿನ ಸಿಸ್ಟರುಗಳು ಕೇಳಿಸಿಕೊಂಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.)

ನಿಮ್ಮ ಮನೆಯಲ್ಲೂ ಯಾರಾದರೂ 'ನನಗೆ ಹೊರಗೆ ಹೋಗುವುದೇ ಬೇಡ' ಎನ್ನುತ್ತಿದ್ದರೆ, ಅವರನ್ನು ತಡೆದಿರುವುದು ವಯಸ್ಸೋ ಬೀಗವೋ ಎಂದು ಒಮ್ಮೆ ನೋಡಿ ಬರುತ್ತೀರಾ?