ಹೇಗೆ ಕಲಸಿದರೂ ಶೇಷ ಸೊನ್ನೆ

ನನ್ನ ಮೊಮ್ಮಗಳು ಗೆದ್ದಳು! ಅವಳ ಲೆಕ್ಕ ಸರಿ ಎಂದು ಬಂಗಾರಪೇಟೆಯ ಶಾಲೆಯ ಮೇಷ್ಟ್ರು ನಿನ್ನೆ ಇಡೀ ತರಗತಿಯ ಎದುರು ಒಪ್ಪಿಕೊಂಡರು. ಖುಷಿ ಉಕ್ಕುತ್ತಿದೆ, ಸಿಟ್ಟು ಮಾತ್ರ ಇಳಿದಿಲ್ಲ.

ಮೊನ್ನೆ ಅವರು ಹಲಗೆಯ ಮೇಲೆ 12,34,56,789 ಎಂದು ಬರೆದು ಒಂಬತ್ತರಿಂದ ಭಾಗಿಸಲು ಹೇಳಿದರಂತೆ. ಇವಳು ಪೆನ್ಸಿಲ್ ಹಿಡಿಯುವ ಮೊದಲೇ "ಶೇಷ ಸೊನ್ನೆ ಸಾರ್" ಎಂದಳು. ಕದ್ದು ನೋಡಿದ್ದೀಯೆಂದು ಬೆಂಚಿನ ಮೇಲೆ ನಿಲ್ಲಿಸಿದರು. ಮಗು ಇನ್ನು ಶಾಲೆಗೇ ಹೋಗುವುದಿಲ್ಲವೆಂದು ಅತ್ತಿತು.

ಕಲಿಸಿದವನು ನಾನು! ಕೆ.ಜಿ.ಎಫ್. ಚಿನ್ನದ ಗಣಿಯಲ್ಲಿ ನಾನು ಕೆಲಸದಲ್ಲಿದ್ದ ಕಾಲಕ್ಕೆ, ಒಳಗಿಳಿಯುವ ಕಾರ್ಮಿಕರಿಗೆ ದೀಪ ಕೊಡುವಾಗ, ಅವರು ತೋರಿಸುವ ಹಾಜರಿ ಬಿಲ್ಲೆಯ ನಂಬರಿನ ಅಂಕಿಗಳನ್ನು ಕೂಡಿಸುವುದೇ ನಮಗೆ ಆಟ. ಮೊತ್ತ ಒಂಬತ್ತರ ಮಗ್ಗಿಯಲ್ಲಿ ಬಂದರೆ ಆ ನಂಬರೂ ಒಂಬತ್ತರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಒಂದರಿಂದ ಒಂಬತ್ತರವರೆಗೆ ಕೂಡಿದರೆ ನಲವತ್ತೈದು. ಇದರಲ್ಲಿ ಕದಿಯುವುದೇನಿದೆ?

ನಿನ್ನೆ ಅವಳ ಕೈಹಿಡಿದು ಶಾಲೆಗೆ ನುಗ್ಗಿದೆ.

"ಏನ್ ತಾತಾ, ನನಗೇ ಲೆಕ್ಕ ಕಲಿಸ್ತೀಯಾ?" ಎಂದರು ಮೇಷ್ಟ್ರು.

"ಆ ಒಂಬತ್ತು ಅಂಕಿನ ನಿಮಗೆ ಬೇಕಾದಂಗೆ ಕಲಸಿ ಬರೀರಿ ಸಾಮಿ. ಶೇಷ ಉಳಿದ್ರೆ ನನ್ನೂ ಬೆಂಚ್ ಮೇಲೆ ನಿಲ್ಸಿ!"

ಮೂರು ಸಲ ಅದಲುಬದಲು ಮಾಡಿ ಭಾಗಿಸಿದರು. ಮೂರು ಸಲವೂ ಸೊನ್ನೆ. "ಸರಿ, ಕೂತ್ಕೊಳಮ್ಮ" ಎಂದರು.

"ಅವಳು ಕದ್ದಿಲ್ಲ ಅಂತ್ಲೂ ಹೇಳಿ ಸಾಮಿ" ಎಂದೆ. ಹೇಳಿಸಿದ ಮೇಲೆಯೇ ಹೊರಬಂದೆ.

ಸಂಜೆ ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಮಗು ನಗುತ್ತಾ ಎರಡನೇ ಮುದ್ದೆ ಕೇಳಿದಾಗ ನಾನೇ ಎದ್ದು ಬಡಿಸಿದೆ. ತಮ್ಮ ಪರವಾಗಿ ಕೇಳಲು ಯಾರೂ ಬಾರದೆ, ಬೆಂಚಿನಿಂದ ಇಳಿದ ಮೇಲೆ ಮತ್ತೆ ಶಾಲೆಯ ಕಡೆ ತಿರುಗದ ಮಕ್ಕಳು ಎಷ್ಟಿರಬೇಕು!