ಮಾಳಿಗೆ ಕೋಣೆಯ ಕೊರಿಯಾ ಹಾಡು

ಬ್ಯಾಡಗಿಯಲ್ಲಿ ಕೆಮ್ಮು ಒಂದು ಸುದ್ದಿಯೇ ಅಲ್ಲ. ಮೆಣಸಿನಕಾಯಿ ಸುಗ್ಗಿಯಲ್ಲಿ ಊರಿಗೆ ಊರೇ ಕೆಮ್ಮುತ್ತದೆ, ಸೀನುತ್ತದೆ, ಮೂಗು ಒರೆಸಿಕೊಂಡು ವ್ಯಾಪಾರ ಮಾಡುತ್ತದೆ. ನಮ್ಮದೂ ಮೆಣಸಿನಕಾಯಿ ವ್ಯಾಪಾರದ ಮನೆ. ಹಾಗಾಗಿ ಕೊರೋನಾದ ಎರಡನೇ ಬೇಸಿಗೆಯಲ್ಲಿ ನನಗೆ ಕೆಮ್ಮು ಬಂದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ಬೆಳಿಗ್ಗೆ ಖಾರದಪುಡಿಗೆಂದು ಮೆಣಸಿನಕಾಯಿ ಹುರಿಯುತ್ತಿದ್ದೆ. ಮಗಳು ಮೂಗು ಮುಚ್ಚಿಕೊಂಡು ಹೊರಗೆ ಓಡಿದಳು, ಗಂಡ ಪಡಸಾಲೆಯಿಂದಲೇ ಕೂಗಾಡಿದರು. ನಾನು ಮಾತ್ರ ಒಲೆಯ ಮುಂದೆ ಆರಾಮಾಗಿ ನಿಂತಿದ್ದೆ. ಮೂಗಿಗೆ ಏನೂ ತಾಗುತ್ತಿರಲಿಲ್ಲ. ಅಂದೇ ನನ್ನನ್ನು ಮಾಳಿಗೆಯ ಕೋಣೆಗೆ ಸಾಗಹಾಕಿದರು.

ಅಲ್ಲಿ ಒಂದು ಮಂಚ, ಒಂದಿಷ್ಟು ಖಾಲಿ ಗೋಣಿಚೀಲ, ರಸ್ತೆಯ ಕಡೆಗೆ ಒಂದು ಕಿಟಕಿ. ನನ್ನ ಅವ್ವ ರಾಣೆಬೆನ್ನೂರಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಅವಳಿಗೂ ಅದೇ ಜ್ವರ ಬಂದು ಹಾವೇರಿಯ ಆಸ್ಪತ್ರೆಗೆ ಸೇರಿಸಿದ್ದರು. ನಾನು ಮೇಲೆ ಇದ್ದಾಗಲೇ ಅಣ್ಣನ ಫೋನು ಬಂತು.

"ಅವ್ವ ಹೋದ್ಲು ತಂಗಿ. ಮನಿಗೆ ಕೊಡಂಗಿಲ್ಲಂತ. ಇಲ್ಲೇ ಮಣ್ಣು ಮಾಡ್ತಾರ."

ಹೂಂ ಎಂದೆ. ಊಟ ಮಾಡಿದೆಯಾ ಎಂದು ಅವನನ್ನು ಕೇಳಿದೆ. ಫೋನಿಟ್ಟ ಮೇಲೆ ಗೋಣಿಚೀಲಗಳನ್ನೆಲ್ಲ ಮಡಚಿ ಒಂದರ ಮೇಲೊಂದು ಜೋಡಿಸಿದೆ.

ಅಳು ಬರಲಿಲ್ಲ. ಸ್ನಾನ ಮಾಡುವಾಗ ಬರಬಹುದು, ಊಟಕ್ಕೆ ಕೂತಾಗ ಬರಬಹುದು ಎಂದು ಕಾದೆ. ಅನ್ನಕ್ಕೆ ರುಚಿಯಿಲ್ಲ, ಗಾಳಿಗೆ ವಾಸನೆಯಿಲ್ಲ, ಅವ್ವ ಇಲ್ಲ ಎನ್ನುವುದೂ ಅವುಗಳ ಜೊತೆಗೆ ಸುಮ್ಮನೆ ಸೇರಿಕೊಂಡಂತಿತ್ತು. ಬಂಧುಗಳು ಒಬ್ಬರಾದ ಮೇಲೊಬ್ಬರು ಫೋನು ಮಾಡಿದರು. ಅತ್ತುಬಿಡು, ಎದೆ ಹಗುರಾಗುತ್ತದೆ ಎಂದರು. ಧೈರ್ಯ ತಂದುಕೋ ಎಂದವರಿಗೆ ತಂದುಕೊಂಡಿದ್ದೇನೆ ಎಂದು ಹೇಳಿ ಫೋನಿಟ್ಟೆ. ಆದರೆ ಒಳಗೆ ಒಂದು ಹೆದರಿಕೆ ಶುರುವಾಗಿತ್ತು. ಹೆತ್ತವ್ವನಿಗಾಗಿ ಅಳು ಬರದಿದ್ದರೆ, ಇಷ್ಟು ವರ್ಷ ಅವಳ ಮೇಲೆ ಇತ್ತು ಎಂದುಕೊಂಡ ಪ್ರೀತಿ ಏನಾಗಿತ್ತು?

ಮಗಳು ಊಟದ ತಾಟನ್ನು ಮೇಲಿನ ಮೆಟ್ಟಿಲ ಮೇಲಿಟ್ಟು, ಕೆಳಗಿನ ಮೆಟ್ಟಿಲಲ್ಲಿ ಕುಳಿತು ನಾನು ಉಂಡು ಮುಗಿಸುವವರೆಗೆ ಫೋನಿನಲ್ಲಿ ಹಾಡು ಹಚ್ಚುತ್ತಿದ್ದಳು. ಕೊರಿಯಾದ್ದು. ಬೆಣ್ಣೆಯಲ್ಲಿ ಮುಖ ತೊಳೆದಂತಿರುವ ಆ ಹಾಡುವ ಹುಡುಗರ ಪಟಗಳನ್ನು ಅವಳು ತನ್ನ ಕೋಣೆಯ ತುಂಬ ಅಂಟಿಸಿದ್ದಕ್ಕೆ ಹಿಂದೆ ಎಷ್ಟೋ ಸಲ ಬೈದಿದ್ದೆ. ಈಗ ಬೈಯುವ ಶಕ್ತಿ ಇರಲಿಲ್ಲ. ನಿಧಾನದ ಹಾಡು. ಒಬ್ಬ ಮಾತಾಡಿದ ಹಾಗೆ ಸಣ್ಣಗೆ ಶುರು ಮಾಡುತ್ತಾನೆ, ಆಮೇಲೆ ಉಳಿದವರು ಹಿಂದಿನಿಂದ ಬಂದು ಸೇರಿಕೊಳ್ಳುತ್ತಾರೆ. ಒಂದು ದಿನ ಅವಳು ಮರೆತು ಸುಮ್ಮನೆ ಕುಳಿತಿದ್ದಾಗ, ಅದನ್ನು ಹಚ್ಚು ಎಂದು ನಾನೇ ಕೇಳಿದೆ. ಅವಳು ಹಾಡನ್ನು ನನ್ನ ಫೋನಿಗೂ ಕಳಿಸಿದಳು.

"ಅರ್ಥ ಹೇಳ್ಲೇನ ಮಮ್ಮಿ? ಭಾಳ ಚಲೋ ಐತಿ."

"ಬ್ಯಾಡ."

ನನಗೆ ಅರ್ಥವಾಗುವ ಮಾತಾಡಿದವರೆಲ್ಲ ನನ್ನಿಂದ ಏನೋ ಒಂದನ್ನು ಬೇಡುತ್ತಿದ್ದರು, ಅಳು ಅಥವಾ ಧೈರ್ಯ. ಹಾಡುವ ಈ ಹುಡುಗನಿಗೆ ನನ್ನಿಂದ ಏನೂ ಬೇಕಿರಲಿಲ್ಲ. ಅವನೂ ಧೈರ್ಯವನ್ನೇ ಹೇಳುತ್ತಿದ್ದಾನೋ ಏನೋ, ಅರ್ಥ ತಿಳಿಯುವುದು ಯಾರಿಗೆ ಬೇಕು. ದಿನವಿಡೀ ಕೇಳಿದೆ. ಕೇಳುವಾಗ ದುಃಖವೂ ಇರಲಿಲ್ಲ, ಸುಖವೂ ಇರಲಿಲ್ಲ, ಕೋಣೆಯಲ್ಲಿ ನಾನೊಬ್ಬಳೇ ಇಲ್ಲ ಎನಿಸುತ್ತಿತ್ತು, ಅಷ್ಟೇ. ಅಷ್ಟು ಸಾಕಾಗಿತ್ತು.

ನಾನು ಹುಷಾರಾಗಿ, ಲಾಕ್‌ಡೌನ್ ಮುಗಿದು ಬಸ್ಸು ಶುರುವಾದ ಮೇಲೆ ಮಗಳನ್ನು ಕರೆದುಕೊಂಡು ರಾಣೆಬೆನ್ನೂರಿಗೆ ಹೋದೆ. ನಮ್ಮ ಕಡೆ ತವರಿನಲ್ಲಿ ಸಾವಾದರೆ ಮಗಳು ಬಂದು ಹಾಡ್ಯಾಡಿಕೊಂಡು ಅಳಬೇಕು. ಹೋದವರ ಗುಣಗಳನ್ನೆಲ್ಲ ಎಳೆಎಳೆಯಾಗಿ ರಾಗ ಮಾಡಿ ಹೇಳಬೇಕು. ಅವ್ವ ಅದರಲ್ಲಿ ಎತ್ತಿದ ಕೈ. ಬೇರೆಯವರ ಮನೆಯ ಸಾವಿಗೂ ಅವಳನ್ನು ಕರೆಯುತ್ತಿದ್ದರು. ಅವಳ ತಂಗಿ, ನನ್ನ ಚಿಗವ್ವ, ಕುಪ್ಪೇಲೂರಿನಿಂದ ಬಂದಿದ್ದಳು. ಅತ್ತಿಗೆ, ನೆರೆಮನೆಯ ಹೆಂಗಸರು, ಎಲ್ಲರೂ ಅವ್ವನ ಫೋಟೋದ ಮುಂದೆ ಜಾಗ ಬಿಟ್ಟು ನನಗಾಗಿ ಕಾಯುತ್ತಿದ್ದರು.

ಕುಳಿತೆ. "ಅವ್ವಾ" ಎಂದೆ. ಮುಂದೆ ಒಂದು ಮಾತೂ ಹೊರಡಲಿಲ್ಲ. ಯಾರೋ ಸೆರಗು ಸರಿಮಾಡಿಕೊಂಡರು, ಯಾರೋ ಗಂಟಲು ಸರಿಮಾಡಿಕೊಂಡರು. ಕಲ್ಲೆದೆಯವಳು ಎಂದುಕೊಳ್ಳುತ್ತಾರೆ ಎನ್ನುವುದಕ್ಕಿಂತ, ಅದು ನಿಜವಿರಬಹುದು ಎಂದೇ ಹೆದರಿದೆ. ಮತ್ತೊಮ್ಮೆ ಬಾಯಿ ತೆರೆದಾಗ ಬಂದದ್ದು ಆ ಕೊರಿಯಾದ ರಾಗ. ಮಾತು ಗೊತ್ತಿರಲಿಲ್ಲ, ರಾಗ ಮಾತ್ರ ಬಾಯಿಪಾಠವಾಗಿತ್ತು. ಉಸಿರು ತೆಗೆದುಕೊಳ್ಳುವ ಕಡೆಯಲ್ಲೆಲ್ಲ ಅವ್ವಾ ಎಂದು ಸೇರಿಸುತ್ತ ಹೋದೆ. ಬಾಗಿಲಲ್ಲಿ ನಿಂತಿದ್ದ ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಚಿಗವ್ವ ನನ್ನ ಮೊಣಕಾಲು ಹಿಡಿದುಕೊಂಡು ಅಳತೊಡಗಿದಳು, ಆಮೇಲೆ ಉಳಿದವರೂ.

ಎಲ್ಲ ಸುಮ್ಮನಾದ ಮೇಲೆ ಚಿಗವ್ವ ಮೆಲ್ಲಗೆ ಕೇಳಿದಳು. "ಏನ್ ಹಾಡವಾ ಇದು?"

"ಗೊತ್ತಿಲ್ಲ ಚಿಗವ್ವ."

"ಇರ್ಲಿ. ನಿಮ್ಮವ್ವಗ ಮುಟ್ಟತೈತಿ."

ಅಂದು ನನ್ನ ಕಣ್ಣು ಒದ್ದೆಯಾಗಲಿಲ್ಲ, ಇಂದಿಗೂ ಆಗಿಲ್ಲ. ಆದರೆ ಆ ರಾಗ ಮುಗಿಸುವಷ್ಟರಲ್ಲಿ, ಅವ್ವ ಸತ್ತಿದ್ದಾಳೆ ಎನ್ನುವುದು ನನಗೆ ಮೊದಲ ಸಲ ಗೊತ್ತಾಗಿತ್ತು.