ವೆಯಿಲುಮುತ್ತು ಅರ್ಧಕ್ಕೆ ನಿಲ್ಲಿಸಿದ ಹಾಡು

ಬೆಳಕು ಹರಿಯುವ ಮೊದಲೇ ವೆಯಿಲುಮುತ್ತು ಬೇವಿನ ಮರ ಏರಿದ್ದಾರೆ. ಸೊಂಟದಲ್ಲಿ ಹಗ್ಗ, ಹೆಗಲ ಮೇಲೆ ಲೌಡ್‌ಸ್ಪೀಕರಿನ ತಗಡಿನ ಕೊಳವೆ, ಬಾಯಲ್ಲಿ ಬೈಗುಳ. ಕೊಳವೆಯ ಬಾಯಿ ಯಾವ ದಿಕ್ಕಿಗೆ ಇರಬೇಕೆಂದು ಕೆಳಗೆ ನಿಂತವರು ತಲೆಗೊಂದು ಮಾತು ಹೇಳುತ್ತಿದ್ದಾರೆ. "ಅಷ್ಟು ಗೊತ್ತಿದ್ರೆ ಹತ್ತಿ ಬಂದು ನೀವೇ ಕಟ್ಟಿ. ನಾನು ಕೆಳಗೆ ನಿಂತು ಕೈ ತೋರಿಸ್ತೀನಿ, ಅದೇನು ಕಷ್ಟದ ಕೆಲಸವಾ?" ಎನ್ನುತ್ತಾರೆ ಮೇಲಿನಿಂದ. ಯಾರೂ ಹತ್ತುವುದಿಲ್ಲ.

ತಮಿಳುನಾಡಿನ ಕೋವಿಲ್‌ಪಟ್ಟಿಯ ಆಚೆ, ಕರಿಮಣ್ಣಿನ ಬಯಲಲ್ಲಿರುವ ಕರುವೇಲಂಪಟ್ಟಿಯಲ್ಲಿ ಇಂದು ಸುಡಲೈಯ ಮಗನಿಗೆ ಕಿವಿ ಚುಚ್ಚುವ ಶಾಸ್ತ್ರ. ಮನೆಯಲ್ಲಿ ಶುಭಕಾರ್ಯವಿದೆ ಎಂದು ಸುತ್ತಲಿನ ಊರಿಗೆಲ್ಲ ಸಾರುವುದು ಮರದ ಮೇಲಿನ ಈ ಮೈಕ್ ಸೆಟ್. ಅದನ್ನು ಹೊತ್ತು, ಕಟ್ಟಿ, ಹಾಡಿಸಿ, ಬಿಚ್ಚಿ ಮನೆಗೆ ಹೋಗುವ ಮನುಷ್ಯನ ಮುಖವನ್ನು ಯಾರೂ ಸರಿಯಾಗಿ ನೋಡಿರುವುದಿಲ್ಲ. ವಯಸ್ಸು ಅರವತ್ತು ದಾಟಿದೆ, ಮಂಡಿ ನೋಯುತ್ತದೆ, ಆದರೂ ಮರ ಹತ್ತುವುದನ್ನು ಇನ್ನೊಬ್ಬರಿಗೆ ಬಿಡುವುದಿಲ್ಲ.

ಮೊದಲು ಗಣಪತಿಯ ಹಾಡು. ಅದು ಮುಗಿಯುವುದರೊಳಗೆ ಸುಡಲೈ ಫೋನ್ ಹಿಡಿದು ಬರುತ್ತಾನೆ. "ಮಾಮಾ, ಇದು ಸಾಕು. ಮುಂದಿನದು ಹಾಕಿ."

"ಹಾಡು ಅಂದ್ರೆ ಟೌನ್ ಬಸ್ಸಾ ಮಾರಾಯ, ಬೇಜಾರಾಯ್ತು ಅಂತ ಮುಂದಿನ ಸ್ಟಾಪಲ್ಲಿ ಇಳಿಯೋಕೆ? ಮುಗೀಲಿ."

ಇದು ವೆಯಿಲುಮುತ್ತು ದಿನವೂ ಮಾಡುವ ಜಗಳ. ಅರ್ಧ ಹಾಡಿಗೇ ಇನ್ನೊಂದು ಕೇಳುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತದೆ. ತಮಾಷೆಯೆಂದರೆ, ಈ ಊರಿನಲ್ಲಿ ಅವರು ಹೆಸರು ಕೆಡಿಸಿಕೊಂಡಿರುವುದು ಅರ್ಧಕ್ಕೆ ನಿಲ್ಲಿಸಿದ ಒಂದು ಹಾಡಿನಿಂದಲೇ.

ಇಪ್ಪತ್ತರ ಹರೆಯದಲ್ಲಿ ಅವರಿಗೆ ರಾಗವೊಂದಿದ್ದರೆ ಸಾಕಿತ್ತು. ಪದಗಳೆಂದರೆ ರಾಗವನ್ನು ನೇತುಹಾಕುವ ಮೊಳೆಗಳಷ್ಟೇ. ಹಾಗಿರುವಾಗ ಹೊಸದೊಂದು ರೆಕಾರ್ಡ್ ಕೈಗೆ ಬಂತು. ಶುರುವಿಗೆ ಕೊಳಲು, ಹಿಂದೆಯೇ ಹೆಣ್ಣುದನಿ. ಕೇಳಿ ಹುಚ್ಚೇ ಹಿಡಿಯಿತು. ಆ ಖುಷಿಯಲ್ಲಿ ಮದುವೆಯ ಮನೆಯೊಂದರಲ್ಲಿ, ತಾಳಿ ಕಟ್ಟಿ ಮುಗಿಯುತ್ತಿದ್ದಂತೆ, ಅದನ್ನೇ ಹಾಕಿದರು. ಮೊದಲ ಚರಣ ಮುಗಿಯುವಾಗ ಚಪ್ಪರದಲ್ಲಿ ಮಾತು ನಿಂತಿತು. ಅದು ಮಗನ ಹೆಣದ ಮುಂದೆ ತಾಯಿ ಅಳುವ ಹಾಡು. ಹೆಣದ ಮುಂದೆ ಹೆಂಗಸರು ಹಾಡಿ ಅಳುವುದಕ್ಕೆ ಇಲ್ಲಿ ಒಪ್ಪಾರಿ ಎನ್ನುತ್ತಾರೆ. "ನನ್ನ ಮಗನ ಮದುವೇಲಿ ಒಪ್ಪಾರಿ ಹಾಡಿಸ್ತೀಯೇನೋ ಪಾಪಿ" ಎಂದು ಗಂಡಿನ ತಾಯಿ ಓಡಿಬಂದಳು. ವೆಯಿಲುಮುತ್ತು ಗಾಬರಿಯಲ್ಲಿ ಸೂಜಿ ಕಿತ್ತರು. ರೆಕಾರ್ಡಿನ ಮೇಲೆ ಗೀರು ಬಿತ್ತು, ಅವರಿಗೆ ಅಡ್ಡಹೆಸರು ಬಿತ್ತು. ಇಂದಿಗೂ ಚಹಾದಂಗಡಿಯಲ್ಲಿ "ಒಪ್ಪಾರಿ ಬಂದ, ಬೆಂಚು ಬಿಡ್ರೋ" ಎನ್ನುವವರಿದ್ದಾರೆ.

ಅಲ್ಲಿಂದ ಅವರ ಕಿವಿಯೇ ಬದಲಾಯಿತು. ರಾಗ ಹಿಂದಾಯಿತು, ಮಾತು ಮುಂದಾಯಿತು. "ಆಮೇಲೆ ಎಷ್ಟೋ ವರ್ಷ ಇವರು ಹಾಡು ಕೇಳಲೇ ಇಲ್ಲ. ಹಾಡನ್ನ ಪೊಲೀಸರ ಥರ ವಿಚಾರಣೆ ಮಾಡಿದ್ರು" ಎಂದು ಹೆಂಡತಿ ಶೆಣ್ಬಗಂ ನಗುತ್ತಾರೆ. "ಈ ಪದ ಯಾಕಿದೆ, ಆ ಪದದ ಅರ್ಥ ಏನು ಅಂತ ನನ್ನ ಜೀವ ತಿಂದ್ರು. ಒಂದು ಲಾಲಿಹಾಡನ್ನೂ ನಂಬಲಿಲ್ಲ."

ಈಗ ಅದೂ ಹೋಗಿದೆ. ಕೆಲಸವಿಲ್ಲದ ದಿನ ಮಧ್ಯಾಹ್ನ ಮನೆಯ ಬಾಗಿಲು ಮುಂದೆ ಮಾಡಿಕೊಂಡು, ಸಣ್ಣಗೆ, ಅದೇ ಗೀರುಬಿದ್ದ ರೆಕಾರ್ಡ್ ಕೇಳುತ್ತಾರೆ. ಗೀರಿನಲ್ಲಿ ಸೂಜಿ ಎಡವುತ್ತದೆ, ಕೈಯಿಂದ ಎತ್ತಿ ದಾಟಿಸುತ್ತಾರೆ. "ಎರಡನೇ ಚರಣಕ್ಕೆ ಮುಂಚೆ ಹಾಡೋ ಆಯಮ್ಮ ಒಂದು ಉಸಿರು ಎಳ್ಕೋತಾಳೆ. ಅದಕ್ಕೇ ಕಾಯ್ತೀನಿ. ಇಪ್ಪತ್ತರಲ್ಲಿ ಅದು ಕೇಳಿಸಿದ್ರೆ ಮೆಷಿನ್ ಕೆಟ್ಟಿದೆ ಅಂದ್ಕೊಂಡಿರ್ತಿದ್ದೆ." ಆ ರೆಕಾರ್ಡ್ ಅವರ ಪೆಟ್ಟಿಗೆಯ ತಳದಲ್ಲಿ ಎಲ್ಲ ಊರಿಗೂ ಹೋಗಿ ಬರುತ್ತದೆ. ಹೊರಗೆ ಹಾಕುವ ಧೈರ್ಯವಿಲ್ಲ, ಮನೆಯಲ್ಲಿ ಬಿಟ್ಟು ಬರಲು ಮನಸ್ಸಿಲ್ಲ.

ಬಿಸಿಲೇರುವ ಹೊತ್ತಿಗೆ ತಾಳೆಬೆಲ್ಲದ ಕಾಫಿ ಹಿಡಿದು ಮಾಡತ್ತಿ ಬರುತ್ತಾರೆ. ಸುಡಲೈಯ ತಾಯಿ. ಅಂದು ಆ ಚಪ್ಪರದಲ್ಲಿ ಮದುಮಗಳಾಗಿ ಕುಳಿತಿದ್ದವರು ಇವರೇ.

"ಅಣ್ಣಾ, ಆ ಹಾಡು ಇದೆಯಾ?"

"ಯಾವ ಹಾಡು?" ವೆಯಿಲುಮುತ್ತು ಕಾಫಿ ಕೆಳಗಿಟ್ಟು ವೈರು ಹುಡುಕತೊಡಗುತ್ತಾರೆ.

"ಗೊತ್ತಿಲ್ಲದವರ ಥರ ಕೇಳಬೇಡ. ನೀನು ಅರ್ಧಕ್ಕೆ ಕಿತ್ತಿದ್ದು."

"ತಂಗೀ, ಬೈಯೋದಿದ್ರೆ ಊಟ ಆದಮೇಲೆ ಬೈ. ಕೆಲಸದಲ್ಲಿದ್ದೀನಿ."

"ಬೈಯೋಕಲ್ಲ. ನಮ್ಮಮ್ಮ ಹೋಗಿ ವರ್ಷ ತುಂಬೋ ಮುಂಚೆ ನನ್ನ ಮದುವೆ ಮಾಡಿದ್ರು. ಮದುಮಗಳು ಅಳಬಾರದು ಅಂತ ಎಲ್ಲರೂ ಗದರಿಸ್ತಿದ್ರು. ನಿನ್ನ ಹಾಡು ಬಂತು ನೋಡು, ಆಗ ಅಳು ಬಂತು, ಹಗುರ ಆಯ್ತು. ಅಷ್ಟರಲ್ಲಿ ನಿಲ್ಲಿಸಿಬಿಟ್ಟೆ. ಮಿಕ್ಕಿದ್ದು ಏನು ಅಂತ ಇವತ್ತಿಗೂ ಗೊತ್ತಿಲ್ಲ ನಂಗೆ."

ವೆಯಿಲುಮುತ್ತುವಿಗೆ ಬರುವುದು ಸಿಟ್ಟು. "ಇದನ್ನ ಅವತ್ತೇ ಹೇಳೋಕೆ ಏನಾಗಿತ್ತು? ಇಷ್ಟು ವರ್ಷ ನಾಯಿ ಥರ ಬೈಸಿಕೊಂಡಿದ್ದೀನಿ ನಾನು."

"ನಮ್ಮತ್ತೆ ಇರೋವರೆಗೂ ಹೇಳೋ ಹಾಗಿತ್ತಾ? ಮೊನ್ನೆ ದೀಪಾವಳಿಗೆ ತಾನೇ ಹೋಗಿದ್ದು ಅವರು."

"ಮೊಮ್ಮಗನ ಶುಭಕಾರ್ಯದಲ್ಲಿ ಆ ಹಾಡು ಹಾಕಿದ್ರೆ ಈ ಸಲ ನನ್ನನ್ನೇ ಮರಕ್ಕೆ ಕಟ್ತಾರೆ. ಆಮೇಲೆ ಯಾರು ಕರೀತಾರೆ ನನ್ನ? ನಿಂಗೇನು, ಹೇಳಿ ಹೋಗ್ತೀಯ."

ಮಾಡತ್ತಿ ದನಿ ತಗ್ಗಿಸುತ್ತಾರೆ. "ಕಿವಿ ಚುಚ್ಚೋ ಆಚಾರಿ ಅವನ ಸೂಜಿ ಎತ್ತಿದಾಗ ನೀನು ನಿನ್ನ ಸೂಜಿ ಇಳಿಸು. ಮಗು ಹೇಗೂ ಅಳುತ್ತೆ, ನಾನೂ ಅಳ್ತೀನಿ. ಯಾರು ಕೇಳ್ತಾರೆ?"

ಅವರು ಒಪ್ಪಿದೆ ಎನ್ನುವುದಿಲ್ಲ. ವೈರು ಸರಿಮಾಡುತ್ತ, ಹೆಂಗಸರ ಬುದ್ಧಿಯನ್ನೂ ತಮ್ಮ ಹಣೆಬರಹವನ್ನೂ ಸೇರಿಸಿ ಗೊಣಗುತ್ತಾರೆ. ಚಪ್ಪರದಲ್ಲಿ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸುತ್ತಾರೆ. ಆಚಾರಿ ಚಿನ್ನದ ಸೂಜಿ ಎತ್ತುತ್ತಾನೆ. ವೆಯಿಲುಮುತ್ತು ಪೆಟ್ಟಿಗೆಯ ತಳಕ್ಕೆ ಕೈ ಹಾಕಿ, ರೆಕಾರ್ಡ್ ಒರೆಸಿ, ಗೀರನ್ನು ಬೆರಳಿನಿಂದ ಹುಡುಕಿ, ಅದರಾಚೆಗೆ ಸೂಜಿ ಇಳಿಸುತ್ತಾರೆ.

ಬೇವಿನ ಮರದಿಂದ ಒಂದು ಉಸಿರು ಊರಿಗೆಲ್ಲ ಕೇಳಿಸುತ್ತದೆ. ಆಮೇಲೆ ದನಿ. ಮಗು ಕಿರುಚಿ ಅಳುತ್ತದೆ. ಅಜ್ಜಿ ಮಾಡತ್ತಿ ಸೆರಗಿನಿಂದ ಮಗುವಿನ ಮುಖ ಒರೆಸಿ, ಅದೇ ಸೆರಗನ್ನು ತಮ್ಮ ಮುಖಕ್ಕೆ ಒತ್ತಿಕೊಳ್ಳುತ್ತಾರೆ. "ಮೊಮ್ಮಗನ ನೋವು ತಡಿಯೋಕಾಗಲ್ಲ ಪಾಪ" ಎನ್ನುತ್ತಾಳೆ ಪಕ್ಕದವಳು. ಹಿಂದಿನ ಸಾಲಿನ ಮುದುಕನೊಬ್ಬ ಮಾತ್ರ ತಲೆ ಎತ್ತುತ್ತಾನೆ. "ಲೇ ಒಪ್ಪಾರಿ, ಮತ್ತೆ ಶುರುಮಾಡಿದ್ಯಾ?"

ವೆಯಿಲುಮುತ್ತು ಮೆಷಿನ್ನಿಗೆ ಅಡ್ಡವಾಗಿ ಕುಳಿತಿದ್ದಾರೆ, ತಿರುಗಿ ನೋಡುವುದಿಲ್ಲ. ಹಾಡು ಮುಗಿದು ಬರೀ ಸೂಜಿಯ ಸದ್ದು ಉಳಿದಾಗ ಸುಡಲೈ ಫೋನ್ ಹಿಡಿದು ಓಡಿಬರುತ್ತಾನೆ. "ಮಾಮಾ, ಮುಂದಿನದು?"

"ಸ್ವಲ್ಪ ಇರಪ್ಪ," ಎನ್ನುತ್ತಾರೆ ವೆಯಿಲುಮುತ್ತು, "ಒಂದು ಹಾಡು ಈಗ ತಾನೇ ಮುಗಿದಿದೆ."